ಮೊನ್ನೆ ಮೊನ್ನೆಯ ಆಟಕ್ಕೆ ಇಷ್ಟು ಬೇಗ ಹೊಸ ಬಣ್ಣ ಯಾಕೆ?

ಸಂಪಾದಕರಿಗೆ ನಮಸ್ಕಾರ.

ನಿಮ್ಮ ತಂತ್ರಜ್ಞಾನ ಪುಟದಲ್ಲಿ ವಿಡಿಯೊ ಗೇಮ್ ರೀಮಾಸ್ಟರ್‌ಗಳ (ಹಳೇ ಆಟದ ಚಿತ್ರ ಚೊಕ್ಕ ಮಾಡಿ ಮತ್ತೆ ಮಾರುವ ಆವೃತ್ತಿಗಳ) ಬಗ್ಗೆ ಬಂದ ಬರಹ ಓದಿದೆ. ಮೆಚ್ಚಿನ ಆಟಗಳೆಲ್ಲ ಹೊಸ ರೂಪದಲ್ಲಿ ಬರುತ್ತಿವೆ, ಆಡುವವರಿಗೆ ಹಬ್ಬ ಅಂತ ಅದರಲ್ಲಿತ್ತು. ಹಬ್ಬ ಯಾರಿಗೆ ಅಂತ ಕೇಳೋಣ ಅಂತಲೇ ಈ ಪತ್ರ. ನಾನು ಬೆಳಗಾವಿಯ ಟಿಳಕವಾಡಿಯಲ್ಲಿ ಸಣ್ಣದೊಂದು ಗೇಮ್ ಪಾರ್ಲರ್ ನಡೆಸುತ್ತೇನೆ. ಮೂರು ಪಿಎಸ್ 4, ಎರಡು ಪಿಎಸ್ 5, ಐದು ಟಿವಿ, ಒಂದು ಇನ್ವರ್ಟರ್. ಪಿಎಸ್ ಅಂದ್ರೆ ಸೋನಿ ಕಂಪನಿಯ ಪ್ಲೇಸ್ಟೇಷನ್, ಟಿವಿಗೆ ಜೋಡಿಸಿ ಆಡುವ ಮಷೀನು, ನಂಬರು ದೊಡ್ಡದಾದಷ್ಟೂ ಹೊಸದು. ಗಂಟೆ ಲೆಕ್ಕದಲ್ಲಿ ರೊಕ್ಕ. ಕಾಲೇಜು ಬಿಟ್ಟ ಮೇಲೆ ಹುಡುಗರು ಬರ್ತಾರೆ, ಅರ್ಧ ಕನ್ನಡ, ಅರ್ಧ ಮರಾಠಿ, ಬೈಯ್ಯೋದು ಮಾತ್ರ ಹಿಂದಿಯಲ್ಲಿ.

ನಿಮ್ಮ ಬರಹ ಓದಿದ ಮೇಲೆ ಸುಮ್ನೆ ಒಂದು ಪರೀಕ್ಷೆ ಮಾಡಿದೆ. ಹೊರೈಜನ್ ಝೀರೋ ಡಾನ್ ಅಂತ ಒಂದು ಆಟ ಇದೆ. ಕಾಡಿನ ತುಂಬ ಯಂತ್ರದ ಪ್ರಾಣಿಗಳು, ಅವುಗಳ ನಡುವೆ ಬಿಲ್ಲು ಹಿಡಿದ ಒಬ್ಬ ಹುಡುಗಿ. 2017ರ ಫೆಬ್ರುವರಿಯಲ್ಲಿ ಪಿಎಸ್ 4ಕ್ಕೆ ಬಂತು. 2024ರ ಅಕ್ಟೋಬರ್ 31ಕ್ಕೆ ಅದರ ರೀಮಾಸ್ಟರ್ ಬಂತು. ಒಂದು ಪಿಎಸ್ 5ಕ್ಕೆ ಹಳೇ ಡಿಸ್ಕ್ ಹಾಕಿದೆ, ಪಕ್ಕದ್ದರಲ್ಲಿ ರೀಮಾಸ್ಟರ್ ಹಾಕಿದೆ. ಟಿವಿ ಎರಡೂ ಒಂದೇ ಕಂಪನಿಯವು, ಒಂದೇ ಅಳತೆಯವು. ಯಾವುದು ಹೊಸದು ಅಂತ ಯಾರಿಗೂ ಹೇಳಲಿಲ್ಲ.

ದಿನಾ ಬರುವ ಒಬ್ಬ ಹುಡುಗ ಎರಡರಲ್ಲೂ ಕಾಲು ಗಂಟೆ ಆಡಿ, "ಕಾಕಾ, ಫರಕ್ ಏನೈತಿ ಇದರಾಗ?" ಅಂದ. ಇನ್ನೊಬ್ಬ ಹುಲ್ಲು ಜಾಸ್ತಿ ಇದೆ ಅಂದ, ಅದು ಸರಿಯೇ. ಮೂರನೆಯವ ಚುರುಕು. ಮಾತುಕತೆಯ ದೃಶ್ಯ ಬಂದಾಗ ಹಿಡಿದ. ಹಳೆಯದರಲ್ಲಿ ಪಾತ್ರಗಳು ಗೊಂಬೆ ಹಾಗೆ ನಿಂತು ಮಾತಾಡ್ತಾವೆ, ಹೊಸದರಲ್ಲಿ ಕೈ, ಭುಜ, ಮುಖ ಎಲ್ಲ ಅಲುಗಾಡ್ತಾವೆ. ನಿಜ, ಅಲ್ಲಿ ಅವರು ಕೆಲಸ ಮಾಡಿದ್ದಾರೆ. ಹತ್ತು ಗಂಟೆಗೂ ಹೆಚ್ಚಿನ ಸಂಭಾಷಣೆಗೆ ನಟರ ಚಲನೆಯನ್ನು ಹೊಸದಾಗಿ ಚಿತ್ರಿಸಿಕೊಂಡು ಕೂರಿಸಿದ್ದಾರೆ, ಅದನ್ನು ನಾನು ಅಲ್ಲಗಳೆಯಲ್ಲ. ಆದರೆ ಗಂಟೆ ಲೆಕ್ಕದಲ್ಲಿ ರೊಕ್ಕ ಕೊಟ್ಟವನು ಸಂಭಾಷಣೆ ಕೇಳ್ತಾ ಕೂರುತ್ತಾನಾ? ಬಟನ್ ಒತ್ತಿ ಮುಂದಕ್ಕೆ ಓಡಿಸ್ತಾನೆ. ಮನೆಯಲ್ಲಿ ನೆಮ್ಮದಿಯಿಂದ ಕೂತು ಆಡುವವರ ಲೆಕ್ಕ ಬೇರೆ ಇರಬಹುದು, ಒಪ್ತೇನೆ.

ಹುಡುಗರಿಗೆ ಫರಕ್ ಗೊತ್ತಾಗಲಿಲ್ಲ ಅಂದ್ರೆ ಅವರ ಕಣ್ಣು ಮಂಜು ಅಂತಲ್ಲ. ಆಟ ಜರ್ಕ್ ಹೊಡೆದರೆ ಮೊದಲು ಕೂಗೋರೇ ಅವರು. ಸೆಕೆಂಡಿಗೆ 30 ಫ್ರೇಮ್‌ನಿಂದ, ಅಂದ್ರೆ 30 ಚಿತ್ರದಿಂದ, 60ಕ್ಕೆ ಹೋದರೆ ಕೈಗೆ ತಕ್ಷಣ ಗೊತ್ತಾಗುತ್ತೆ, ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಈ ಆಟಕ್ಕೆ ಆ 60 ಫ್ರೇಮ್ 2021ರ ಆಗಸ್ಟ್‌ನಲ್ಲೇ ಬಂದಿತ್ತು. ಪಿಎಸ್ 5 ಇದ್ದವರಿಗೆ ಒಂದು ಪ್ಯಾಚ್ ಆಗಿ (ನೆಟ್‌ನಿಂದ ಇಳಿಸಿಕೊಳ್ಳುವ ತಿದ್ದುಪಡಿ), ಪುಕ್ಕಟೆ. ಲೋಡಿಂಗ್ ಬೇಗ ಆಗೋದೂ ಅಷ್ಟೇ, ಹಳೇ ಡಿಸ್ಕ್ ಹಾಕಿದರೂ ಆಟ ಪಿಎಸ್ 5ರ ಒಳಗಿನ ಎಸ್‌ಎಸ್‌ಡಿ ಅನ್ನೋ ವೇಗದ ಸ್ಟೋರೇಜ್ ಮೇಲೇ ಕೂರುತ್ತೆ, ಅದಕ್ಕೆ ಬೇಗ ಲೋಡ್ ಆಗುತ್ತೆ. ಅಂದ್ರೆ ಕಣ್ಣಿಗೆ ಬೀಳುವ ಎರಡು ದೊಡ್ಡ ಸುಧಾರಣೆಗಳು ರೀಮಾಸ್ಟರ್‌ಗೆ ಮೊದಲೇ ಮನೆಗೆ ಬಂದಾಗಿತ್ತು. ಉಳಿದದ್ದು ಹುಲ್ಲು, ಬೆಳಕು, ಭುಜ.

ಬೇಗ ರೀಮಾಸ್ಟರ್ ಮಾಡೋದೇ ತಪ್ಪು ಅಂತ ನಾನು ಹೇಳ್ತಿಲ್ಲ ನೋಡ್ರಿ. ದಿ ಲಾಸ್ಟ್ ಆಫ್ ಅಸ್ ಅನ್ನೋ ಆಟ 2013ರ ಜೂನ್‌ನಲ್ಲಿ ಪಿಎಸ್ 3ಕ್ಕೆ ಬಂತು. ವರ್ಷ ದಾಟುತ್ತಲೇ, 2014ರ ಜುಲೈನಲ್ಲಿ, ಪಿಎಸ್ 4ಕ್ಕೆ ರೀಮಾಸ್ಟರ್. ಬರೀ ಒಂದು ವರ್ಷ! ಆದರೂ ಅದು ಬೇಕಿತ್ತು, ಯಾಕಂದ್ರೆ ಪಿಎಸ್ 3ರ ಮುಖ್ಯ ಚಿಪ್ ಆದ ಸೆಲ್ ಪ್ರೊಸೆಸರ್ ಜಾತಿಯೇ ಬೇರೆ, ಪಿಎಸ್ 3ರ ಡಿಸ್ಕ್ ಪಿಎಸ್ 4ರಲ್ಲಿ ಓಡುತ್ತಲೇ ಇರಲಿಲ್ಲ. ಹೊಸ ಮಷೀನು ತಗೊಂಡವನಿಗೆ ಆ ಆಟ ಆಡಲು ಬೇರೆ ದಾರಿ ಇರಲಿಲ್ಲ. ಅದೇ ಆಟದ ಎರಡನೇ ಭಾಗ 2020ರ ಜೂನ್‌ನಲ್ಲಿ ಪಿಎಸ್ 4ಕ್ಕೆ ಬಂತು, 2024ರ ಜನವರಿಯಲ್ಲಿ ಪಿಎಸ್ 5ಕ್ಕೆ ರೀಮಾಸ್ಟರ್. ಈ ಸಲ ಹಳೇ ಡಿಸ್ಕ್ ಹೊಸ ಮಷೀನಿನಲ್ಲಿ ಆರಾಮಾಗಿ ಓಡ್ತಿತ್ತು, 2021ರಲ್ಲೇ ಇದಕ್ಕೂ 60 ಫ್ರೇಮ್ ಪ್ಯಾಚ್ ಬಂದಿತ್ತು. ಮೂರೂವರೆ ವರ್ಷದ ಆಟ ಸ್ವಾಮಿ, ಡಿಸ್ಕಿನ ಮೇಲೆ ಇನ್ನೂ ಸರಿಯಾಗಿ ಗೆರೆ ಬಿದ್ದಿರಲಿಲ್ಲ. ಹೊಸ ಮಷೀನಿನಲ್ಲಿ ಹಳೆಯದು ಓಡುತ್ತಾ ಇಲ್ವಾ, ನನಗೆ ಇರೋದು ಇದೊಂದೇ ಲೆಕ್ಕ.

ಇನ್ನು ಮಷೀನುಗಳ ಕಥೆ. ಪಿಎಸ್ 2ರಿಂದ ಪಿಎಸ್ 3ಕ್ಕೆ ಹೋದಾಗ ಕಣ್ಣು ಕುಕ್ಕುವಂಥ ಫರಕ್ ಇತ್ತು. ಪಿಎಸ್ 4ರಿಂದ 5ಕ್ಕೆ ಹೋದಾಗ ಆಟ ನುಣುಪಾಯ್ತು, ಕಾಯೋದು ತಪ್ಪಿತು, ಚಿತ್ರ ಮಾತ್ರ ಹಾಗೇನೂ ಹಾರಿ ಮೇಲೆ ಹೋಗಲಿಲ್ಲ. ಜನರೂ ಹಾರಲಿಲ್ಲ. ಪಿಎಸ್ 5 ಬಂದದ್ದು 2020ರ ನವೆಂಬರ್‌ನಲ್ಲಿ, 2024ರಲ್ಲಿ ಸೋನಿಯೇ ಕೊಟ್ಟ ಲೆಕ್ಕದ ಪ್ರಕಾರ ತಿಂಗಳು ತಿಂಗಳು ಆಡುವವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಇನ್ನೂ ಪಿಎಸ್ 4ರಲ್ಲೇ ಇದ್ದರು. ಹೊರೈಜನ್‌ನ ಎರಡನೇ ಭಾಗ, ಗ್ರ್ಯಾನ್ ಟುರಿಸ್ಮೊ 7, ಗಾಡ್ ಆಫ್ ವಾರ್ ರ‍್ಯಾಗ್ನರಾಕ್, 2022ರಲ್ಲಿ ಬಂದ ಈ ಮೂರೂ ದೊಡ್ಡ ಆಟಗಳು ಪಿಎಸ್ 4ಕ್ಕೂ ಬಂದವು. ಹಾಗಿದ್ದಾಗ ಯಾರಾದರೂ ಯಾಕೆ ಬದಲಾಯಿಸ್ತಾರೆ?

ಬೆಲೆ ನೋಡಿದರೆ ಇನ್ನೂ ತಮಾಷೆ. ಮೊದಲೆಲ್ಲ ಕನ್ಸೋಲ್ ಹಳೆಯದಾದಂತೆ ಅಗ್ಗ ಆಗ್ತಿತ್ತು, ನಮ್ಮಂಥವರು ಎರಡು ಮೂರು ವರ್ಷ ಕಾದು ತಗೋತಿದ್ವಿ. ಈಗ ಚಿಪ್ ತಯಾರಿಕೆ ಮೊದಲಿನ ಹಾಗೆ ವರ್ಷ ವರ್ಷ ಅಗ್ಗ ಆಗ್ತಿಲ್ಲ. ಪಿಎಸ್ 5 ಭಾರತಕ್ಕೆ 2021ರ ಫೆಬ್ರುವರಿಯಲ್ಲಿ 49,990 ರೂಪಾಯಿಗೆ ಬಂತು, 2022ರ ನವೆಂಬರ್ ಹೊತ್ತಿಗೆ 54,990 ಆಯ್ತು. ಕಾದವನೇ ಜಾಸ್ತಿ ಕೊಡಬೇಕಾಯ್ತು! ಪಿಎಸ್ 5ರದ್ದೇ ಹೆಚ್ಚು ಶಕ್ತಿಯ ಮಾದರಿ ಪಿಎಸ್ 5 ಪ್ರೊ ಅಂತೂ 2024ರ ನವೆಂಬರ್‌ನಲ್ಲಿ ಬೇರೆ ದೇಶಗಳಿಗೆ ಬಂದಾಗ ಭಾರತಕ್ಕೆ ಬರಲೇ ಇಲ್ಲ. ಅದರ ವೈಫೈಗೆ ಬೇಕಾದ 6 ಗಿಗಾಹರ್ಟ್ಸ್ ತರಂಗಕ್ಕೆ ಇಲ್ಲಿ ಆಗ ಅನುಮತಿ ಇರಲಿಲ್ಲ. ಬೆಳಗಾವಿ ಬಿಡಿ, ಬೆಂಗಳೂರಿಗೂ ಆಗ ಬರಲಿಲ್ಲ.

ಕಂಪನಿಗಳ ಕಷ್ಟ ನನಗೆ ಅರ್ಥ ಆಗಲ್ಲ ಅಂತಲ್ಲ. ಒಂದು ದೊಡ್ಡ ಆಟ ಮಾಡಲು ಈಗ ಐದಾರು ವರ್ಷ ಬೇಕು. ಅಲ್ಲಿವರೆಗೆ ಅಂಗಡಿ ಖಾಲಿ ಇಡೋಕಾಗಲ್ಲ, ಕಥೆ, ನಕ್ಷೆ, ಹಾಡು ಎಲ್ಲ ತಯಾರಿರುವ ಆಟಕ್ಕೆ ಹೊಸ ಬಟ್ಟೆ ತೊಡಿಸಿ ಕೂರಿಸಿದರೆ ಖರ್ಚೂ ಕಡಿಮೆ, ಅಪಾಯವೂ ಕಡಿಮೆ. ಹಳೇ ಡಿಸ್ಕ್ ಇದ್ದವರಿಗೆ 10 ಡಾಲರ್‌ಗೆ ಅಪ್‌ಗ್ರೇಡ್ ಕೊಡ್ತಾರೆ, ಅದೂ ಅನ್ಯಾಯ ಅಲ್ಲ. ಆದರೆ ಹೊರೈಜನ್ ರೀಮಾಸ್ಟರ್ ಬರುವ ಹೊತ್ತಿಗೆ ಅಮೆರಿಕದ ಆನ್‌ಲೈನ್ ಅಂಗಡಿಯಲ್ಲಿ ಹಳೇ ಆವೃತ್ತಿಯ ಬೆಲೆ 20 ಡಾಲರ್‌ನಿಂದ 40ಕ್ಕೆ ಏರಿತ್ತು. ಹಳೆಯದನ್ನು ಅಗ್ಗಕ್ಕೆ ತಗೊಂಡು 10 ಕೊಟ್ಟು ಹೊಸದು ಮಾಡ್ಕೋತೀನಿ ಅಂತ ಲೆಕ್ಕ ಹಾಕಿದ್ದವನ ಗತಿ? ಇದಕ್ಕೆ ನಮ್ಮ ಕಡೆ ಒಂದು ಮಾತಿದೆ, ಪತ್ರಿಕೆಯಲ್ಲಿ ಬರೆಯೋ ಹಾಗಿಲ್ಲ.

ನಿಜವಾಗಿ ಬೇಕಾದ ಕಡೆ ಮಾತ್ರ ಇವರಿಗೆ ಪುರುಸೊತ್ತಿಲ್ಲ. ಬ್ಲಡ್‌ಬೋರ್ನ್ ಅನ್ನೋ ಆಟ 2015ರದ್ದು, ಪಿಎಸ್ 5ಕ್ಕೆ ಹಾಕಿದರೂ ಅದೇ 30 ಫ್ರೇಮ್. ಜನ ವರ್ಷಗಟ್ಟಲೆ ಕೇಳ್ತಾನೇ ಇದ್ದಾರೆ. 2006ರ ಆಬ್ಲಿವಿಯನ್‌ಗೆ 2025ರ ಏಪ್ರಿಲ್‌ನಲ್ಲಿ ರೀಮಾಸ್ಟರ್ ಬಂತು, ಅದು ಸರಿ. ಹತ್ತೊಂಬತ್ತು ವರ್ಷ! ಆಗ ಆಡಿದವನಿಗೆ ಈಗ ತಲೆ ಬೆಳ್ಳಗಾಗಿದೆ, ಆಟ ಹೇಗಿತ್ತು ಅನ್ನೋದು ಅರ್ಧ ಮರೆತಿದೆ. ಆ ಮರೆವು ಬೇಕು. ನಿನ್ನೆ ತಂದ ಕುಂದಾ ಡಬ್ಬಿಯಲ್ಲೇ ಇರುವಾಗ ಅದರ ಮೇಲೆ ನಾಲ್ಕು ಪಿಸ್ತಾ ಉದುರಿಸಿ ಹೊಸ ಡಬ್ಬಿ ಅಂತ ಮಾರಿದರೆ ಬೆಳಗಾವಿಯವರು ತಗೋತಾರಾ?

ನನ್ನದೇ ಒಂದು ಅನುಭವ, ಯಾವ ಆಟ ಅಂತ ಹೇಳಲ್ಲ. ರೊಕ್ಕ ಕೊಟ್ಟು ಹೊಸ ಆವೃತ್ತಿ ಹಾಕಿಸಿದೆ. ರಾತ್ರಿಯಿಡೀ ಹತ್ತಾರು ಜಿಬಿ ಇಳಿಯಿತು, ಜಾಗ ಸಾಲದೆ ಎರಡು ಆಟ ಅಳಿಸಬೇಕಾಯ್ತು. ಬೆಳಿಗ್ಗೆ ನೋಡಿದರೆ ಹಳೇ ಸೇವ್, ಅಂದ್ರೆ ಅಲ್ಲಿವರೆಗೆ ಆಡಿದ್ದರ ದಾಖಲೆ, ಬಂದಿಲ್ಲ. ಒಬ್ಬ ಹುಡುಗ ಮೂರು ತಿಂಗಳು ಭಾನುವಾರ ಭಾನುವಾರ ಬಂದು ಆಡಿದ್ದ ಆಟ ಅದು, ಹಳೇ ಆವೃತ್ತಿಯಿಂದ ಸೇವ್ ಮೊದಲೇ ಕಳಿಸಿ ಇಡಬೇಕಿತ್ತಂತೆ, ನಾನು ಅಷ್ಟರಲ್ಲಿ ಹಳೆಯದನ್ನು ಅಳಿಸಿಬಿಟ್ಟಿದ್ದೆ. ಅವನಿಗೆ ಎರಡು ಭಾನುವಾರ ಪುಕ್ಕಟೆ ಆಡಿಸಿದೆ. ಅವನು ಆಡಿದ್ದು ಆ ಆಟ ಅಲ್ಲ, ಪಿಎಸ್ 4ರಲ್ಲಿ ಜಿಟಿಎ 5. ಅದು 2013ರ ಆಟ!

ಒಂದು ಕೋರಿಕೆ. ಮುಂದೆ ನಿಮ್ಮ ಪುಟದಲ್ಲಿ ಯಾವುದಾದರೂ ರೀಮಾಸ್ಟರ್ ಬಗ್ಗೆ ಬರೆಯುವಾಗ ಟ್ರೇಲರ್‌ನ ಚಿತ್ರ ಎರಡು ಕಡಿಮೆ ಹಾಕಿ. ಆ ಜಾಗದಲ್ಲಿ ಹಳೇ ಡಿಸ್ಕ್ ಹೊಸ ಮಷೀನಿನಲ್ಲಿ ಓಡುತ್ತೋ ಇಲ್ಲವೋ, ಪುಕ್ಕಟೆ ಪ್ಯಾಚ್ ಬಂದಿದೆಯೋ ಇಲ್ಲವೋ, ಹಳೇ ಸೇವ್ ಉಳಿಸಿಕೊಳ್ಳೋದು ಹೇಗೆ, ಇಷ್ಟು ಬರೆದರೆ ಅದನ್ನು ಕತ್ತರಿಸಿ ಪಾರ್ಲರ್ ಗೋಡೆಗೆ ಅಂಟಿಸ್ತೇನೆ.

ಇಂತಿ,
ಗೇಮ್ ಪಾರ್ಲರ್‌ನ ಕಾಕಾ
ಟಿಳಕವಾಡಿ, ಬೆಳಗಾವಿ