ಬೇಲಿಗೆ ಮುಖ ಮಾಡಿದ ಮನೆ

ನಮ್ಮ ಬಡಾವಣೆಯ ಕೊನೆಯ ತಿರುವಿನಲ್ಲಿ ಒಂದು ಹಳೇ ಮನೆಯಿದೆ. ಅದರ ಮುಂಬಾಗಿಲು ರಸ್ತೆ ಕಡೆಗಿಲ್ಲ, ಯಾರದೋ ಹಿತ್ತಿಲ ಬೇಲಿಗೆ ಮುಖ ಮಾಡಿದೆ. ಕಟ್ಟಿದವನಿಗೆ ದಿಕ್ಕು ತಪ್ಪಿತ್ತಾ ಅಂತ ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಗೊತ್ತಾಯಿತು, ಮನೆ ಕಟ್ಟಿದ ಕಾಲಕ್ಕೆ ದಾರಿ ಆ ಕಡೆಯೇ ಇತ್ತಂತೆ. ಸುತ್ತ ಬರೀ ಹೊಲ. ಬಾಗಿಲ ಮುಂದಿನ ಕಲ್ಲಿನ ಮೆಟ್ಟಿಲು ನಡುವೆ ಸವೆದು ಗುಳಿ ಬಿದ್ದಿದೆ. ಈಗ ಮನೆಯವರೂ ಅದನ್ನು ತುಳಿಯುವುದಿಲ್ಲ, ಗ್ಯಾರೇಜಿನಿಂದಲೇ ಓಡಾಡುತ್ತಾರೆ.

ಹೊಲ ಹೋಗಿ ಬಡಾವಣೆ ಬರುವುದು ನಾವಿರುವ ಅಮೆರಿಕಕ್ಕೆ ಹೊಸದೇನಲ್ಲ. 1947ರಲ್ಲಿ ನ್ಯೂಯಾರ್ಕ್ ಪಕ್ಕದ ಲಾಂಗ್ ಐಲ್ಯಾಂಡಿನ ಆಲೂಗಡ್ಡೆ ಹೊಲಗಳಲ್ಲಿ ಲೆವಿಟ್‌ಟೌನ್ ಅನ್ನೋ ದೊಡ್ಡ ಬಡಾವಣೆ ಶುರುವಾಯಿತು. ನಾಲ್ಕೈದು ವರ್ಷದಲ್ಲಿ 17,000ಕ್ಕೂ ಜಾಸ್ತಿ ಮನೆ ಎದ್ದವು. 1956ರ ಹೆದ್ದಾರಿ ಕಾಯ್ದೆ ಬಂದ ಮೇಲಂತೂ ದೂರದ ಜಮೀನುಗಳೂ ಆಫೀಸಿಗೆ ಹತ್ತಿರವಾದವು.

ಆದರೆ ಜಮೀನು ಒಂದೇ ಏಟಿಗೆ ಹೋಗುವುದು ಕಡಿಮೆ. ಮೊದಲು ರಸ್ತೆ ಅಗಲ ಮಾಡಲು ಅಂಚಿನ ಒಂದು ಪಟ್ಟಿ. ಆಮೇಲೆ ಮಕ್ಕಳ ಪಾಲು. ಬಾವಿ, ಸೆಪ್ಟಿಕ್ ಟ್ಯಾಂಕ್ ನಂಬಿಕೊಂಡಿರುವ ತನಕ ಮನೆಗೊಂದಿಷ್ಟು ಜಾಗ ಬೇಕೇ ಬೇಕು. ಒಳಚರಂಡಿ ಪೈಪು ಬಂತೋ, ಎಕರೆ ಲೆಕ್ಕದ ನೆಲ ಸೈಟಿನ ಲೆಕ್ಕಕ್ಕೆ ಇಳಿಯುತ್ತದೆ. ಕೊಟ್ಟಿಗೆ ಕೆಡವುತ್ತಾರೆ, ಮನೆಯೊಂದನ್ನು ಉಳಿಸುತ್ತಾರೆ. ಹೊಲವಿಲ್ಲದ ರೈತನ ಮನೆ ನನಗೇಕೋ ವಿಚಿತ್ರವಾಗಿ ಕಾಣುತ್ತದೆ.

'ಐತಿಹಾಸಿಕ' ಅಂತ ಫಲಕ ಇದ್ದರೆ ಯಾರೂ ಮುಟ್ಟುವಂತಿಲ್ಲ ಅಂತ ನಾನೂ ನಂಬಿದ್ದೆ. ಹಾಗೇನಿಲ್ಲ. ಐತಿಹಾಸಿಕ ಕಟ್ಟಡಗಳನ್ನು ಉಳಿಸಲು ಬಂದ 1966ರ ಕಾಯ್ದೆಯ ರಾಷ್ಟ್ರೀಯ ಪಟ್ಟಿಗೆ ಸೇರಿದ್ದರೂ, ಮಾಲೀಕ ಸ್ವಂತ ದುಡ್ಡಲ್ಲಿ ಕೆಡವಿದರೆ ಆ ಪಟ್ಟಿ ಅಡ್ಡ ಬರುವುದಿಲ್ಲ. ತಡೆಯುವುದಿದ್ದರೆ ಊರಿನ ಸ್ಥಳೀಯ ನಿಯಮ ತಡೆಯಬೇಕು. ಇಲ್ಲವೇ ಇದನ್ನು ಕೆಡವಿ ಹೊಸ ಮನೆ ಕಟ್ಟಿಸುವ ಹಕ್ಕು ನಮಗೆ ಬೇಡ ಅಂತ ಮಾಲೀಕರೇ ಇಂಥವನ್ನು ಕಾಪಾಡುವ ಒಂದು ಟ್ರಸ್ಟಿಗೆ ಬರೆದುಕೊಟ್ಟಿರಬೇಕು. ಆ ಪತ್ರ ಮುಂದೆ ಕೊಂಡವರನ್ನೂ ಕಟ್ಟಿಹಾಕುತ್ತದೆ. ಹೊಸ ಬಡಾವಣೆಯ ನಕ್ಷೆ ಪ್ಲಾನಿಂಗ್ ಬೋರ್ಡಿನ ಮುಂದೆ ಬಂದಾಗ ಸಾರ್ವಜನಿಕರಿಗೂ ಮಾತಾಡಲು ಅವಕಾಶ ಕೊಡುತ್ತಾರೆ. ನಮ್ಮವರ ಮುಖ ಅಲ್ಲಿ ಕಾಣುವುದೇ ಅಪರೂಪ. ನಾನೂ ಹೋದವನಲ್ಲ, ಬಿಡಿ.

ದೂರೋಕೆ ನನಗೆ ಬಾಯಾದರೂ ಎಲ್ಲಿದೆ? ಆ ಬಾಗಿಲಿಗೆ ಅಡ್ಡ ನಿಂತ ಬೇಲಿ ನನ್ನದೇ.

ಹೋದ ತಿಂಗಳು ಬೇಲಿ ಪಕ್ಕ ಗುಲಾಬಿ ನೆಡಲು ಅಗೆದೆ. ತುಕ್ಕು ಹಿಡಿದ ಕುದುರೆ ಲಾಳ ಸಿಕ್ಕಿತು. ಹಳೇ ಮನೆಯವರಿಗೆ ಕೊಡೋಣ ಅಂತ ಹೊರಟೆ. ಅಲ್ಲಿಂದ ಅವರ ಮುಂಬಾಗಿಲಿಗೆ ಹತ್ತೇ ಹೆಜ್ಜೆ. ರಸ್ತೆ ಸುತ್ತಿಕೊಂಡು, ಗ್ಯಾರೇಜ್ ಕಡೆಯಿಂದ ಹೋದೆ.