ಆ ಅಜ್ಜಿಗೆ ಕೇಳಿಸ್ತು

ಪ್ರಿಯ ಓದುಗರೇ,

ರಾತ್ರಿ ಹನ್ನೊಂದಾಗಿದೆ, ಬೆಳಿಗ್ಗೆ ನಮ್ಮ ಸಂಘದ ಸುದ್ದಿಪತ್ರ ಕಳಿಸಬೇಕು. ಬೇರೆ ಏನೋ ಬರೆಯಬೇಕು ಅಂದುಕೊಂಡಿದ್ದೆ. ಆದರೆ ಶನಿವಾರ ಮಗಳು ಹೇಳಿದ ಒಂದು ಮಾತು ತಲೆಯಿಂದ ಹೋಗುತ್ತಿಲ್ಲ.

ಸೂಪರ್‌ಮಾರ್ಕೆಟ್‌ನಲ್ಲಿ ಬಿಲ್ ಹಾಕಿಸಲು ಸಾಲಿನಲ್ಲಿ ನಿಂತಿದ್ದೆವು. ನಮ್ಮ ಮುಂದೆ ಒಬ್ಬ ಅಜ್ಜಿ. ಪುಟ್ಟ ಪರ್ಸಿನಿಂದ ಒಂದೊಂದೇ ನಾಣ್ಯ ತೆಗೆದು, ಕಣ್ಣ ಹತ್ತಿರ ಹಿಡಿದು, ಹೊರಳಿಸಿ ನೋಡಿ, ಕೌಂಟರಿನ ಮೇಲೆ ಸಾಲಾಗಿ ಇಡುತ್ತಿದ್ದರು. ಒಂದು ನಾಣ್ಯ ಉರುಳಿ ಕೆಳಗೆ ಬಿತ್ತು. ಮತ್ತೆ ಮೊದಲಿನಿಂದ ಎಣಿಕೆ. ನಾನು ಏನೂ ಹೇಳಲಿಲ್ಲ. ಒಂದು ಸಲ ಜೋರಾಗಿ ಉಸಿರು ಬಿಟ್ಟೆ, ಅಷ್ಟೇ.

ಕಾರಿನಲ್ಲಿ ಕೂತ ಮೇಲೆ ಮಗಳು, "ಅಮ್ಮ, ನೀನು ಉಸಿರು ಬಿಟ್ಟಿದ್ದು ಆ ಅಜ್ಜಿಗೆ ಕೇಳಿಸ್ತು" ಅಂದಳು.

"ನಿಂಗೆ ಹೇಗೆ ಗೊತ್ತು?"

"ಆಮೇಲೆ ಅವರ ಕೈ ಜಾಸ್ತಿ ನಡುಗ್ತಾ ಇತ್ತು."

ಊರಲ್ಲಿ ನನ್ನ ಅಮ್ಮ ಈಗ ಅಂಗಡಿಗೆ ಒಬ್ಬರೇ ಹೋಗುವುದನ್ನು ಬಿಟ್ಟಿದ್ದಾರೆ. "ಎಣಿಸೋದು ತಡ ಆಗುತ್ತೆ, ಹಿಂದೆ ನಿಂತವರಿಗೆ ಯಾಕೆ ತೊಂದರೆ" ಅಂತ ಫೋನಿನಲ್ಲಿ ಹೇಳಿದ್ದರು. ಅವರ ಹಿಂದೆಯೂ ಯಾರೋ ಹೀಗೇ ಉಸಿರು ಬಿಟ್ಟಿರಬೇಕು. ನಿಮಗೂ ನಿಮ್ಮ ಮನೆಯವರು ನೆನಪಾಗಿರುತ್ತಾರೆ, ಅಲ್ವಾ.

ಈ ದೇಶಕ್ಕೆ ಬಂದ ಮೊದಲ ತಿಂಗಳು. ಮಗಳು ಆಗ ಕೈಗೂಸು, ಸೊಂಟದ ಮೇಲೆ ಕೂತು ಒಂದೇ ಸಮ ಅಳುತ್ತಿದ್ದಳು. ಸಾಮಾನನ್ನೆಲ್ಲ ಚೀಲಕ್ಕೆ ತುಂಬಿ ಆಗಿತ್ತು. ಕಾರ್ಡ್ ಹಾಕಿದೆ, ಪಿನ್ ಮರೆತುಹೋಯಿತು. ಎರಡು ಸಲ ತಪ್ಪು ಒತ್ತಿದೆ. ಹಿಂದೆ ಏಳೆಂಟು ಜನ. ಕಿವಿ ಬಿಸಿಯಾಯಿತು. ಎಲ್ಲ ಅಲ್ಲೇ ಬಿಟ್ಟು ಹೊರಗೆ ಹೋಗಿಬಿಡೋಣ ಅನಿಸಿತು. ಆಗ ನನ್ನ ಹಿಂದೆ ಇದ್ದ ಹೆಂಗಸು ಕೈಯಲ್ಲಿದ್ದ ಬುಟ್ಟಿಯನ್ನು ಸುಮ್ನೆ ನೆಲದ ಮೇಲೆ ಇಟ್ಟರು. ನನಗೇನೂ ಅವಸರ ಇಲ್ಲ ಅಂತ ಅಷ್ಟರಲ್ಲೇ ಹೇಳಿದ್ದರು. ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿ ತೆಗೆದು ಮಗುವನ್ನು ಆಡಿಸಿದರು. ಅಳು ನಿಂತಿತು. ಪಿನ್ ನೆನಪಾಯಿತು. ಅವರ ಮುಖ ಈಗ ಮಸುಕಾಗಿದೆ. ಬುಟ್ಟಿ ನೆಲಕ್ಕೆ ತಾಗಿದ ಸದ್ದು ಮಾತ್ರ ಇನ್ನೂ ಕಿವಿಯಲ್ಲಿದೆ. ಅಂಥ ಉಪಕಾರ ಪಡೆದವಳು ನಾನು, ಶನಿವಾರ ಉಸಿರು ಬಿಟ್ಟೆ.

ಮನೆಗೆ ಬಂದು ಬಿಲ್ಲಿನ ಮೇಲಿನ ಸಮಯ ನೋಡಿದೆ. ತಡ ಆಗಿದ್ದು ಹೆಚ್ಚೆಂದರೆ ಮೂರು ನಿಮಿಷ. ಕೆಲಸವಿಲ್ಲದೆ ನಿಂತ ಹೊತ್ತು ಉದ್ದ ಅನಿಸುತ್ತದೆ ಎಂದು ಡೇವಿಡ್ ಮೈಸ್ಟರ್ ಎಂಬುವರು ಸಾಲಿನಲ್ಲಿ ಕಾಯುವುದರ ಬಗ್ಗೆ 1985ರಲ್ಲೇ ಬರೆದಿದ್ದಾರೆ. ನನಗೆ ಉದ್ದ ಅನಿಸಿದ ಆ ಮೂರು ನಿಮಿಷ ಅಜ್ಜಿಗೆ ಬೇಕಾಗಿತ್ತು. ನೆದರ್ಲೆಂಡ್ಸ್‌ನಲ್ಲಿ ಜಂಬೊ ಎಂಬ ಸೂಪರ್‌ಮಾರ್ಕೆಟ್ 2019ರಲ್ಲಿ ಇಂಥವರಿಗಾಗಿಯೇ ಬೇಕಂತಲೇ ನಿಧಾನವಾದ ಕೌಂಟರ್ ತೆರೆಯಿತು. ಹೆಸರು ಕ್ಲೆಟ್ಸ್‌ಕಾಸಾ, ನಮ್ಮ ಮಾತಿನಲ್ಲಿ ಹರಟೆ ಕೌಂಟರ್. 2021ರಲ್ಲಿ ಇಂಥದ್ದು 200 ಅಂಗಡಿಗಳಲ್ಲಿ ಬರಲಿದೆ ಎಂದು ಜಂಬೊದವರು ಹೇಳಿದರು. ದಿನವೆಲ್ಲ ಮನೆಯಲ್ಲಿ ಒಬ್ಬರೇ ಇರುವವರಿಗೆ ಬಿಲ್ ಹಾಕುವ ಹುಡುಗಿಯ ಜೊತೆ ಆಡಿದ ನಾಲ್ಕು ಮಾತೇ ಅವತ್ತಿನ ಮಾತು. ಅದನ್ನು ಓದಿದಾಗಿನಿಂದ ಆ ಅಜ್ಜಿ ಇನ್ನೂ ಜಾಸ್ತಿ ಕಾಡುತ್ತಿದ್ದಾರೆ.

ಜಾಗ ಮುಗಿಯುತ್ತಿದೆ, ಬೇಗ ಪ್ರಕಟಣೆಗಳು. ಮಕ್ಕಳ ಕನ್ನಡ ತರಗತಿ ಮುಂದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮತ್ತೆ ಶುರು. ಸದಸ್ಯತ್ವದ ಹಣ ಈ ತಿಂಗಳ ಕೊನೆಯೊಳಗೆ ಕಟ್ಟಿ. ವಾರ್ಷಿಕ ಸಭೆ ಎರಡನೇ ಶನಿವಾರ ಸಂಜೆ ನಾಲ್ಕಕ್ಕೆ, ಕಳೆದ ವರ್ಷದ ಜಾಗದಲ್ಲೇ. ಊಟ ಇದೆ.

ಊಟದ ಸಾಲಿನಲ್ಲಿ ಕಳೆದ ಸಲ ಹಿರಿಯರು ಮುಕ್ಕಾಲು ಗಂಟೆ ನಿಂತರು. ಈ ಸಲ ಅವರಿಗೆ ಕುರ್ಚಿ ಹಾಕಿ, ತಟ್ಟೆಯನ್ನು ಕೂತಲ್ಲಿಗೇ ತಂದುಕೊಡಲು ನಾಲ್ಕು ಜನ ಬೇಕು. ಎಲ್ಲ ಕೆಲಸಕ್ಕೂ ಈಗ ನಾವು ಮೂರೇ ಜನ ಇದ್ದೇವೆ, ನಿಜಕ್ಕೂ ಕೈ ಸಾಲುತ್ತಿಲ್ಲ. ಸುದ್ದಿಪತ್ರದ ಅಕ್ಷರ ತಿದ್ದಲು ಒಬ್ಬರು ಬಂದರೂ ದೊಡ್ಡ ಉಪಕಾರ. ದಯವಿಟ್ಟು ಹೆಸರು ಕೊಡಿ. ತಟ್ಟೆ ಕೊಡುವುದಕ್ಕೆ ಮಗಳು ಆಗಲೇ ಹೆಸರು ಬರೆಸಿದ್ದಾಳೆ. ಇನ್ನು ಮೂವರು ಬೇಕು.

ನಿಮ್ಮ ಸಂಪಾದಕಿ