ಫ್ರೀಜ್ ಆದ ಖಾತೆಯೂ ಬಾಳೆಗೊನೆಯೂ

ಸಂಪಾದಕರೇ,

ಮೂವತ್ತು ವರ್ಷ ಬ್ಯಾಂಕ್ ಕೌಂಟರಿನಲ್ಲಿ ಕೂತವನು ನಾನು. ಒಮ್ಮೆ ಅಣ್ಣತಮ್ಮಂದಿರ ಜಗಳದಲ್ಲಿ ಕೋರ್ಟ್ ಆದೇಶ ಬಂದು, ಒಂದು ಖಾತೆ ಫ್ರೀಜ್ ಮಾಡಿದ್ದೆ. ಜಗಳ ಗಂಡಸರದ್ದು. ಆದರೆ ಪ್ರತಿ ಸೋಮವಾರ ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಬರುತ್ತಿದ್ದವರು ಅವರ ತಾಯಿ. ‘ಬಂತೇನಪ್ಪಾ?’ ಎಂದು ಕೇಳುತ್ತಿದ್ದರು. ಒಂದು ಸಲ ಬಾಳೆಗೊನೆಯನ್ನೂ ತಂದಿದ್ದರು ಪಾಪ, ಅದರಿಂದ ಆಗುತ್ತದೇನೋ ಅಂತ.

ಅಫ್ಗಾನಿಸ್ತಾನದ ಸುದ್ದಿ ಓದಿದಾಗಲೆಲ್ಲ ಆ ತಾಯಿ ನೆನಪಾಗುತ್ತಾರೆ. 2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನ್ ಕೈಗೆ ಹೋಯಿತು. ಆ ದೇಶದ ಸೆಂಟ್ರಲ್ ಬ್ಯಾಂಕ್ ನ್ಯೂಯಾರ್ಕ್‌ನಲ್ಲಿ ಇಟ್ಟಿದ್ದ ಸುಮಾರು 700 ಕೋಟಿ ಡಾಲರನ್ನು ಅಮೆರಿಕ ಅಲ್ಲೇ ಲಾಕ್ ಮಾಡಿತು. ಅಫ್ಗಾನಿಸ್ತಾನದ ಜನ ಮೊದಮೊದಲು ತಮ್ಮದೇ ಖಾತೆಯಿಂದ ವಾರಕ್ಕೆ 200 ಡಾಲರ್‌ಗಿಂತ ಜಾಸ್ತಿ ತೆಗೆಯುವಂತಿರಲಿಲ್ಲ. 2022ರಲ್ಲಿ ಅರ್ಧ ಹಣ ಸ್ವಿಟ್ಜರ್ಲೆಂಡಿನ ಒಂದು ನಿಧಿಗೆ ಹೋಯಿತು. ಉಳಿದ ಅರ್ಧ ಅಮೆರಿಕದ ಕೋರ್ಟ್ ಕೇಸುಗಳಲ್ಲಿ ಸಿಕ್ಕಿಕೊಂಡಿತು. ಈ ತಡೆಯ ಹಿಂದಿರುವ ಅಮೆರಿಕದ ತುರ್ತು ಆದೇಶವನ್ನು ಆಮೇಲೆ ವರ್ಷಕ್ಕೊಮ್ಮೆ ವಿಸ್ತರಿಸಿದರು, ನಮ್ಮಲ್ಲಿ ಎಫ್‌ಡಿ ರಿನ್ಯೂ ಮಾಡಿದ ಹಾಗೆ! ಸ್ವಿಸ್ ನಿಧಿಯಲ್ಲಿದ್ದ ದುಡ್ಡು ಬಡ್ಡಿ ಸೇರಿ 2025ರ ಆರಂಭಕ್ಕೆ 400 ಕೋಟಿ ಡಾಲರ್ ಹತ್ತಿರ ಬಂದಿತ್ತು.

ಹೆಣ್ಣುಮಕ್ಕಳಿಗೆ ಹೈಸ್ಕೂಲ್ ಬಾಗಿಲು ಮುಚ್ಚಿದವರ ಕೈಗೆ ದುಡ್ಡು ಕೊಡಿ ಎಂದು ಖಂಡಿತ ಹೇಳುತ್ತಿಲ್ಲ. ಕೊಡಲೇಬಾರದು. ಆದರೆ ಆ ಬಡ್ಡಿಯಲ್ಲಿ ಗೋಧಿ, ಔಷಧಿ ಮಾರುವವರಿಗೆ ನೇರವಾಗಿ ಬಿಲ್ ಕಟ್ಟಬಹುದು ಅಲ್ವಾ? ತಾಲಿಬಾನ್ ಕೈಗೆ ಒಂದು ಪೈಸೆಯೂ ಹೋಗಬೇಕಿಲ್ಲ. ಆವತ್ತು ನಮ್ಮ ಮ್ಯಾನೇಜರ್ ಕೋರ್ಟಿಗೆ ಪತ್ರ ಬರೆದು, ಆ ತಾಯಿಯ ಔಷಧಿ ಖರ್ಚಿಗಷ್ಟೇ ಅನುಮತಿ ತರಿಸಿದ್ದರು.

– ನಿವೃತ್ತ ಬ್ಯಾಂಕ್ ನೌಕರ, ದಾವಣಗೆರೆ